ಮೇಷ್ಟ್ರ ಹಸುವಿಗೆ ಒಂದೇ ಹಿಡಿ

ನೈರೋಬಿಯ ಕನ್ನಡದವರ ನಡುವೆ ನನಗೊಂದು ಬಿರುದಿತ್ತು: ಸಗಣಿ ಡಾಕ್ಟ್ರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತಿದ್ದರಿಂದ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಹಬ್ಬದೂಟಕ್ಕೆ ಸೇರಿದಾಗ ಯಾವುದಾದರೂ ಮಗು ಓಡಿ ಬಂದು, "ಆಂಟಿ, ಈಸ್ ಇಟ್ ಟ್ರೂ ಯು ಲುಕ್ ಅಟ್ ಪೂಪ್ ಆಲ್ ಡೇ?" ಎಂದು ಕೇಳಿಬಿಡುತ್ತಿತ್ತು. ಅದರ ಅಪ್ಪ ಅಮ್ಮ ತಟ್ಟೆಯಲ್ಲಿ ಉಪ್ಪಿನಕಾಯಿ ಹುಡುಕುವ ಹಾಗೆ ತಲೆ ತಗ್ಗಿಸುತ್ತಿದ್ದರು. ಅವರ ಮನೆಯಲ್ಲಿ ನನ್ನ ಬಗ್ಗೆ ಏನು ಮಾತಾಗುತ್ತದೆಂದು ಆಗ ತಿಳಿಯುತ್ತಿತ್ತು.

ನಾನು ನೋಡುತ್ತಿದ್ದದ್ದು ಸಗಣಿಯನ್ನಲ್ಲ, ಹೊಟ್ಟೆಯನ್ನು. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯೊಳಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಹುಲ್ಲನ್ನು ಒಡೆದು ಅರಗಿಸುವುದು ಅವು, ಹಸುವಲ್ಲ. ಹಸು ಅಗಿದು ಅವಕ್ಕೆ ಬಡಿಸುತ್ತದೆ, ಅವು ತಿಂದು ಬಿಟ್ಟದ್ದರಲ್ಲಿ ತಾನು ಬದುಕುತ್ತದೆ. ಯಾವ ಮೇವು ಹಾಕುತ್ತೇವೋ ಆ ಮೇವಿಗೆ ಒಗ್ಗಿದ ಬ್ಯಾಕ್ಟೀರಿಯಾ ಬೆಳೆದು ಮಿಕ್ಕವು ಸೊರಗುತ್ತವೆ. ನನ್ನ ಇಡೀ ಓದು ಇಷ್ಟೇ. ಇದನ್ನು ನಾನು ಕಲಿತದ್ದು ಹಸುಗಳಿಂದಲ್ಲ, ಹಿಮಸಾರಂಗಗಳಿಂದ.

ನೈರೋಬಿಗೆ ಬರುವ ಮೊದಲು ತರಬೇತಿಗೆಂದು ನಾರ್ವೆಯ ಉತ್ತರ ತುದಿಗೆ ಹೋಗಿದ್ದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಆ ಚಳಿ ಹೇಗಿತ್ತೆಂದು ಹೇಳಲು ಹೋಗುವುದಿಲ್ಲ, ಹಲ್ಲು ಕಟಕಟ ಎನ್ನುತ್ತಲೇ ಕಾಲ ಕಳೆದೆ. ಅಲ್ಲಿನ ಹಿಮಸಾರಂಗಗಳು ಬೇಸಿಗೆಯಲ್ಲಿ ಹುಲ್ಲು ಸೊಪ್ಪು ತಿನ್ನುತ್ತವೆ. ಚಳಿಗಾಲದಲ್ಲಿ ಗೊರಸಿನಿಂದ ಹಿಮ ಕೆದಕಿ ಕೆಳಗಿನ ಕಲ್ಲುಹೂವು ತಿನ್ನುತ್ತವೆ. ನಾವು ಪಲಾವಿನ ಮಸಾಲೆಗೆ ಚಿಟಿಕೆಯಷ್ಟು ಹಾಕುತ್ತೇವಲ್ಲ, ಅದರ ನೆಂಟನೇ. ಅದರಲ್ಲಿರುವ ಕಹಿ ರಾಸಾಯನಿಕ ಬೇರೆ ಪ್ರಾಣಿಗಳಿಗೆ ಆಗಿಬರುವುದಿಲ್ಲ. ಹಿಮಸಾರಂಗದ ಹೊಟ್ಟೆಯ ಬ್ಯಾಕ್ಟೀರಿಯಾಗಳು ಮಾತ್ರ ಅದನ್ನು ಮುರಿದು ಹಾಕುತ್ತವೆ. ಚಳಿ ಏರುತ್ತಿದ್ದ ಹಾಗೆ ಹುಲ್ಲಿನ ಬ್ಯಾಕ್ಟೀರಿಯಾ ಕಡಿಮೆಯಾಗಿ ಕಲ್ಲುಹೂವಿನವು ಹೆಚ್ಚುತ್ತವೆ, ಬೇಸಿಗೆಗೆ ಮತ್ತೆ ತಿರುವುಮುರುವು. ಎಲ್ಲವೂ ನಿಧಾನವಾಗಿ ನಡೆಯುತ್ತದೆ.

ನಾನಿದ್ದಾಗ ಒಮ್ಮೆ ಹಿಮದ ಮೇಲೆ ಮಳೆ ಬಿದ್ದು ನೆಲವೆಲ್ಲ ಗಾಜಿನಂತೆ ಹೆಪ್ಪುಗಟ್ಟಿತು. ಗೊರಸಿಗೆ ಕಲ್ಲುಹೂವು ಸಿಗಲಿಲ್ಲ. ಹಿಂಡು ಹಸಿವಿನಿಂದ ಬಡಕಲಾದ ಮೇಲೆ ಕಾಯುವವನು ಸಾಲ ಸೋಲ ಮಾಡಿ ಲಾರಿಯಲ್ಲಿ ಒಣಹುಲ್ಲು ತರಿಸಿ ಸುರಿದ. ಅವು ಮುಗಿಬಿದ್ದು ತಿಂದವು. ಆಮೇಲೆ ಒಂದೊಂದಾಗಿ ಸಾಯತೊಡಗಿದವು. ಹೊಟ್ಟೆ ಕೊಯ್ದು ನೋಡಿದರೆ ಹುಲ್ಲು ನುಂಗಿದ ಹಾಗೇ ಕೂತಿತ್ತು. ಹುಲ್ಲನ್ನು ಅರಗಿಸುವವು ಒಳಗೆ ಇರಲೇ ಇಲ್ಲ, ಬೆಳೆದು ಬರಲು ಹೊತ್ತು ಬೇಕಿತ್ತು. ಆ ಮನುಷ್ಯ ಕೈ ಹಾಕಿ ಒಂದು ಹಿಡಿ ಹುಲ್ಲು ತೆಗೆದು ನೋಡಿ, ಮತ್ತೆ ಅದೇ ಹೊಟ್ಟೆಯೊಳಗೆ ಇಟ್ಟ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳು ನಂಬಲಿಲ್ಲ. "ಹೊಟ್ಟೆ ತುಂಬಿ ಯಾರಾದ್ರೂ ಸಾಯ್ತಾರೇನೇ? ಸುಮ್ನಿರು," ಎಂದಳು.

ಆಮೇಲೆ ನನ್ನ ಗಂಡನಿಗೆ ನೈರೋಬಿಯ ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಕೆಲಸವಾಯಿತು. ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಮನೆ ಮಾಡಿದೆವು. ನನಗೂ ದನ, ಮೇಕೆಗಳ ಮೇವಿನ ಬಗ್ಗೆ ಕೆಲಸ ಮಾಡುವ ಲ್ಯಾಬೊಂದರಲ್ಲಿ ಜಾಗ ಸಿಕ್ಕಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮೇಷ್ಟ್ರ ಪರಿಚಯವಾದದ್ದು ಆಗ.

ಮೇಷ್ಟ್ರು ನಮ್ಮೆಲ್ಲರಿಗಿಂತ ಮೊದಲೇ, ಇನ್ನೂ ಹುಡುಗನಾಗಿದ್ದಾಗ ಲೆಕ್ಕ ಹೇಳಿಕೊಡಲು ಈ ದೇಶಕ್ಕೆ ಬಂದವರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಸ್ಪ್ರಿಂಗ್ ವ್ಯಾಲಿಯಲ್ಲಿ ಹಿಂದೆ ಅಗ್ಗಕ್ಕೆ ಸಿಕ್ಕಾಗ ಕೊಂಡ ಹಳೆಯ ಮನೆ, ಸುತ್ತ ದೊಡ್ಡ ಕಾಂಪೌಂಡು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹಸು, ಅದಕ್ಕೆ ನೇಪಿಯರ್ ಹುಲ್ಲು ಕೊಯ್ದು ಹಾಕುವ ವಯಸ್ಸಾದ ಅಸ್ಕಾರಿ. ಗೇಟು ಕಾಯುವವರನ್ನು ಅಲ್ಲಿ ಅಸ್ಕಾರಿ ಅನ್ನುತ್ತಾರೆ. ಅವನು ಮೇಷ್ಟ್ರನ್ನು ಮ್ವಾಲಿಮು ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲೂ ಅದು ಮೇಷ್ಟ್ರೇ.

ಹಸು ಕಂದು ಬಿಳಿ ಮಚ್ಚೆಯದು, ಬೆನ್ನ ಮೇಲೆ ಡುಬ್ಬವಿಲ್ಲದ ಸೀಮೆ ತಳಿ. ಮೊದಮೊದಲು ನಮ್ಮವರು, ಡುಬ್ಬವಿಲ್ಲದ್ದು ಪೂಜೆಗೆ ಆಗುತ್ತದೆಯೋ ಇಲ್ಲವೋ ಎಂದು ಮೀನಮೇಷ ಎಣಿಸಿದ್ದರಂತೆ. ಬೇರೆ ಗತಿಯಿರಲಿಲ್ಲ, ಒಪ್ಪಿಕೊಂಡರು. ಮೇಷ್ಟ್ರು ಅದರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. "ಬಾ" ಎಂದರೆ ಬರುತ್ತಿತ್ತು, "ಸರಿ" ಎಂದರೆ ಪಕ್ಕಕ್ಕೆ ಸರಿಯುತ್ತಿತ್ತು. "ನಿಮ್ಮ ಮಕ್ಕಳಿಗಿಂತ ಇವಳೇ ವಾಸಿ ನೋಡಿ. ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡಲ್ಲ," ಎಂದು ಎಲ್ಲರನ್ನೂ ರೇಗಿಸುತ್ತಿದ್ದರು.

ಇಡೀ ನೈರೋಬಿಯ ಕನ್ನಡದವರಿಗೆ ಆ ಹಸು ಬೇಕಿತ್ತು. ಯಾರದೋ ಮನೆಯಲ್ಲಿ ಪುಣ್ಯಾಹವಾದರೆ ಗಂಜಲಕ್ಕೆ ಬಾಟಲಿ ಹಿಡಿದು ಬರುತ್ತಿದ್ದರು, ಅಭಿಷೇಕಕ್ಕೆ ಹಾಲು ಒಯ್ಯುತ್ತಿದ್ದರು. ಗೃಹಪ್ರವೇಶವಾದರಂತೂ ಹಸುವೇ ಪಿಕಪ್ಪಿನಲ್ಲಿ ಹೊರಡುತ್ತಿತ್ತು. ನಾಲ್ಕನೇ ಮಹಡಿಯ ಫ್ಲಾಟಿಗೆ ಲಿಫ್ಟಿನಲ್ಲಿ ಹಸುವನ್ನು ಹತ್ತಿಸುವುದು ಸಾಧ್ಯವಿಲ್ಲವಾದ್ದರಿಂದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲೇ ಪೂಜೆ ಮಾಡಿ, ಅದರ ಗೊರಸಿಗೆ ಹಾಕಿದ ನೀರನ್ನು ಒಂದು ಲೋಟದಲ್ಲಿ ಮೇಲೆ ಒಯ್ದು ಹೊಸಿಲಿಗೆ ಚಿಮುಕಿಸುತ್ತಿದ್ದರು. ಈ ಏರ್ಪಾಟನ್ನು ಕಂಡುಹಿಡಿದದ್ದು ಯಾರೋ ಗೊತ್ತಿಲ್ಲ, ಆದರೆ ಎಲ್ಲರೂ ಅದನ್ನೇ ಪಾಲಿಸುತ್ತಿದ್ದರು.

ಹಬ್ಬದ ಮರುದಿನ, ಅಮಾವಾಸ್ಯೆ, ಮಕ್ಕಳ ಹುಟ್ಟುಹಬ್ಬ, ಪರೀಕ್ಷೆ ಎಂದು ಏನಾದರೊಂದು ನೆಪದಲ್ಲಿ ಗೋಗ್ರಾಸ ಕೊಡಲು ಸ್ಪ್ರಿಂಗ್ ವ್ಯಾಲಿಗೆ ಬರುತ್ತಿದ್ದರು. ನಾನು ಮೊದಲ ಸಲ ಹೋದ ದಿನ ಒಬ್ಬರು ಡಬ್ಬಿ ತುಂಬ ಬಿಸಿಬೇಳೆಬಾತು ತಂದಿದ್ದರು. ನನಗೆ ತಡೆಯಲಾಗಲಿಲ್ಲ. "ಹಸೂನ ಸಾಯಿಸೋಕೆ ಬಂದಿದೀರಾ?" ಎಂದುಬಿಟ್ಟೆ. ಅಲ್ಲೇ ನಿಂತು ನಾರ್ವೆಯ ಕತೆಯೆಲ್ಲ ಹೇಳಿದೆ. ಹುಲ್ಲು ತಿನ್ನುವ ಹೊಟ್ಟೆಗೆ ಒಮ್ಮೆಲೇ ಅನ್ನ, ಸಕ್ಕರೆ ಬಿದ್ದರೆ ಹುಳಿ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಎದ್ದುಕೊಳ್ಳುತ್ತವೆ. ಬೇಸಿಗೆಯಲ್ಲಿ ಹೊರಗೆ ಮರೆತ ದೋಸೆಹಿಟ್ಟಿನ ಹಾಗೆ ಒಳಗೆಲ್ಲ ಹುಳಿಯೆದ್ದು, ಹುಲ್ಲು ಅರಗಿಸುವವು ಸತ್ತೇ ಹೋಗುತ್ತವೆ. ಬಂದವರು ಬಾಯಿ ಬಿಟ್ಟುಕೊಂಡು ಕೇಳಿದರು. ಮೇಷ್ಟ್ರು ಮಾತ್ರ ಕೊನೆಯಲ್ಲಿ, "ಹಾಗಾದ್ರೆ ಎಷ್ಟು ಕೊಡಬಹುದು ಹೇಳಿ," ಎಂದರು.

"ಏನೂ ಕೊಡದಿದ್ರೆ ಒಳ್ಳೇದು. ಇವರ್ಯಾರೂ ಬರದೇ ಇದ್ರೆ ಇನ್ನೂ ಒಳ್ಳೇದು," ಎಂದೆ.

"ಅದು ಆಗದ ಮಾತು. ಎಷ್ಟು ಹೇಳಿ."

"ಒಂದು ಹಿಡಿ. ಅನ್ನ, ಸಿಹಿ ಬೇಡ. ಬಾಳೆಹಣ್ಣೋ ಸೊಪ್ಪೋ ಒಂದು ಹಿಡಿ."

ಅಂದಿನಿಂದ ಅದು ಕಾನೂನಾಯಿತು. ಮೇಷ್ಟ್ರು ಹಬ್ಬದ ದಿನ ಗೇಟಿನ ಬಳಿ ಒಂದು ಬೆತ್ತ ಹಿಡಿದು ನಿಂತು ಎಲ್ಲರನ್ನೂ ಸಾಲಿನಲ್ಲಿ ಬಿಡುತ್ತಿದ್ದರು. ಬ್ಯಾಂಕಿನ ದೊಡ್ಡ ಅಧಿಕಾರಿಗಳು, ಸರ್ಜನ್ನುಗಳು, ಎಲ್ಲರೂ ಸ್ಕೂಲು ಮಕ್ಕಳ ಹಾಗೆ ಒಂದು ಕೈ ಮುಂದೆ ಚಾಚಿ ನಿಲ್ಲುತ್ತಿದ್ದರು. ಯಾರಾದರೂ ಕಣ್ಣು ತಪ್ಪಿಸಿ ಎರಡನೇ ಹಿಡಿಗೆ ಕೈ ಹಾಕಿದರೆ ಬೆತ್ತ ಅಡ್ಡ ಬರುತ್ತಿತ್ತು. ಆಮೇಲೆ ಜಗುಲಿಯಲ್ಲಿ ಕಾಫಿ, ಮಾತು, ನಗು. ಮೇಷ್ಟ್ರು ಬೇಕುಬೇಕೆಂದೇ ಮಕ್ಕಳಿಗೆ ಕಷ್ಟದ ಲೆಕ್ಕ ಕೊಟ್ಟು ಪೇಚಾಡಿಸುತ್ತಿದ್ದರು. ಅವರ ಮನೆ ತುಂಬಿರುತ್ತಿದ್ದದ್ದು ಆ ದಿನಗಳಲ್ಲೇ.

ಒಂದು ಫೆಬ್ರವರಿಯಲ್ಲಿ ರಿವರ್‌ಸೈಡಿನ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ಗೃಹಪ್ರವೇಶವಿತ್ತು. ಒಣ ಕಾಲ, ಹಸುವಿಗೆ ಒಂದು ತಿಂಗಳಿಂದ ಒಣಗಿದ ಜೋಳದ ದಂಟೇ ಗತಿಯಾಗಿತ್ತು. ನಾನು ಮೇಕೆಗಳ ಕೆಲಸಕ್ಕೆಂದು ನೈವಾಷಾ ಕಡೆಗೆ ಹೋಗಿದ್ದೆ. ನಡೆದದ್ದನ್ನು ಆಮೇಲೆ ನನ್ನ ಗಂಡನ ಬಾಯಿಂದಲೇ ಒಂದೊಂದಾಗಿ ಕಕ್ಕಿಸಿದೆ.

ಪೂಜೆ ಮುಗಿದ ಮೇಲೆ ಹಸುವನ್ನು ಕೆಳಗೆ ನೆರಳಿನಲ್ಲಿ ಕಟ್ಟಿದ್ದರು. ಪಿಕಪ್ಪಿನವನು ಸಂಜೆಗೆ ಬರುವವನಿದ್ದ. ಹಿರಿಯರೆಂದು ಮೇಷ್ಟ್ರನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದರು. ಎಲೆಗೆ ಕೂತವರು ಎಲ್ಲರ ಊಟ ಮುಗಿಯುವವರೆಗೆ ಏಳುವಂತಿಲ್ಲ. ಅವರಿಗೆ ಒತ್ತಾಯ ಮಾಡಿ ಮಾಡಿ ಒಬ್ಬಟ್ಟು ಬಡಿಸುತ್ತಿದ್ದರೆ, ಮುಂದಿನ ಪಂಕ್ತಿಗೆ ಕಾದಿದ್ದವರು ಮಾಡುವುದೇನು ಎಂದು ಕೆಳಗಿಳಿದು ಹೋದರು. ಬೆತ್ತ ಹಿಡಿಯುವವರು ಇರಲಿಲ್ಲ. ಒಬ್ಬರು ನೈವೇದ್ಯದ ಹೆಸರುಬೇಳೆ ಪಾಯಸದಲ್ಲಿ ಅದ್ದಿದ ಒಬ್ಬಟ್ಟು ಕೊಟ್ಟರು. ಇನ್ನೊಬ್ಬರು ಮೊಸರನ್ನ. ಅವರು ಕೊಟ್ಟದ್ದನ್ನು ಇವರು ನೋಡಿರಲಿಲ್ಲ, ಇವರು ಕೊಟ್ಟದ್ದನ್ನು ಅವರು ನೋಡಿರಲಿಲ್ಲ. ಹಿಡಿಯ ಲೆಕ್ಕವನ್ನು ಯಾರೂ ಮೀರಲಿಲ್ಲ, ಕೆಳಗಿಳಿದ ಹತ್ತಾರು ಜನರೂ ಒಂದೊಂದೇ ಹಿಡಿ ಕೊಟ್ಟಿದ್ದರು. ಶುಭದಿನ, ಒಂದು ಹಿಡಿ ಅನ್ನಕ್ಕೆ ಏನಾದೀತು ಎಂದು ಪ್ರತಿಯೊಬ್ಬರಿಗೂ ಅನಿಸಿತ್ತು.

"ನೀವೂ ಕೊಟ್ರಾ?" ಎಂದು ಗಂಡನನ್ನು ಕೇಳಿದೆ.

"ಚಿತ್ರಾನ್ನ. ಒಂದೇ ಹಿಡಿ ಕಣೇ," ಎಂದರು. ಮನೆ ಹೊತ್ತಿ ಉರಿಯುವ ಮೊದಲು ನಾನು ಎದ್ದು ಹೊರಗೆ ಹೋದೆ.

ಗೃಹಪ್ರವೇಶದ ಮರುದಿನ ಬೆಳಿಗ್ಗೆ, ನಾನು ನೈವಾಷಾದಿಂದ ವಾಪಸು ಬರುತ್ತಲೇ ಮೇಷ್ಟ್ರ ಫೋನು ಬಂತು. "ಮೆಲುಕು ಹಾಕ್ತಾ ಇಲ್ಲಮ್ಮ," ಎಂದರು. ಅಷ್ಟೇ ಹೇಳಿದ್ದು.

ನಮ್ಮ ಲ್ಯಾಬಿನಲ್ಲಿ ಒಬ್ಬ ಪಶುವೈದ್ಯನಿದ್ದ, ಅಲ್ಲಿನವನೇ, ಒಳ್ಳೆಯ ಗೆಳೆಯ. ಅವನನ್ನು ಕರೆದುಕೊಂಡು ಓಡಿದೆ. ಹಸು ತಲೆ ತಗ್ಗಿಸಿ ನಿಂತಿತ್ತು. ನಾನು ಎಡಪಕ್ಕೆಗೆ ಅಂಗೈ ಒತ್ತಿದೆ. ಆರೋಗ್ಯದ ಹಸುವಿನ ಪಕ್ಕೆಯೊಳಗೆ ಏನೋ ನಿಧಾನವಾಗಿ ಹೊರಳುತ್ತಿರುವುದು ಕೈಗೆ ಸಿಗುತ್ತದೆ. ಇಲ್ಲಿ ಏನೂ ಹೊರಳಲಿಲ್ಲ, ತಳ್ಳಿದರೆ ಒಳಗೆ ನೀರು ಕುಲುಕಿದ ಸದ್ದಾಯಿತು. ಉಸಿರಿಗೆ ಹುಳಿ ವಾಸನೆ. ವೆಸ್ಟ್‌ಲ್ಯಾಂಡ್ಸಿನ ಗುಜರಾತಿ ಅಂಗಡಿಯಲ್ಲಿದ್ದ ಅಡಿಗೆ ಸೋಡಾವನ್ನೆಲ್ಲ ಬಳಿದು ತಂದೆವು. ಗೆಳೆಯ ಕೊಳವೆ ಇಳಿಸಿ ಸೋಡಾ ನೀರು ಹೊಯ್ದ, ಸೂಜಿ ಚುಚ್ಚಿದ. ಸಂಜೆಯ ಹೊತ್ತಿಗೆ ಹುಳಿ ಇಳಿಯಿತು. ಆದರೆ ಹಸು ಹುಲ್ಲಿಗೆ ಬಾಯಿ ಹಾಕಲಿಲ್ಲ. ಹಾಕಿದ್ದರೂ ಪ್ರಯೋಜನವಿರಲಿಲ್ಲ, ಅರಗಿಸುವವು ಒಳಗೆ ಸತ್ತಿದ್ದವು.

"ಇನ್ನೊಂದು ಹಸುವಿನ ಹೊಟ್ಟೆಯ ರಸ ಬೇಕು," ಎಂದ ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದು. ನನಗೂ ಅದು ಗೊತ್ತಿತ್ತು. ಆರೋಗ್ಯದ ಹೊಟ್ಟೆಯಿಂದ ಬಿಸಿಯಾಗಿರುವಾಗಲೇ ಬ್ಯಾಕ್ಟೀರಿಯಾ ತುಂಬಿದ ರಸ ತಂದು ಹೊಯ್ದರೆ ಅವು ಅಲ್ಲಿ ಹೊಸದಾಗಿ ಸಂಸಾರ ಹೂಡುತ್ತವೆ. ಬದುಕಿರುವ ಹಸುವಿನ ಬಾಯಿಗೆ ಕೈ ಹಾಕಿ ಮೆಲುಕು ಕಿತ್ತರೆ ಒಂದು ಮುಷ್ಟಿ ಸಿಕ್ಕೀತು, ಈ ಹೊಟ್ಟೆಗೆ ಅದು ಯಾವ ಮೂಲೆಗೂ ಸಾಲದು. ಬಕೆಟ್ಟುಗಟ್ಟಲೆ ಸಿಗುವ ಜಾಗ ಹತ್ತಿರದಲ್ಲಿ ಒಂದೇ: ಡಾಗೊರೆಟ್ಟಿಯ ಕಸಾಯಿಖಾನೆ.

ಬೆಳಕು ಹರಿಯುತ್ತಲೇ ಅಲ್ಲಿಗೆ ಹೋದೆವು. ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಕಾಫಿ ತುಂಬುತ್ತಿದ್ದ ಎರಡು ದೊಡ್ಡ ಫ್ಲಾಸ್ಕುಗಳು ನಮ್ಮ ಮನೆಯಲ್ಲೇ ಇದ್ದವು. ಅವನ್ನೇ ಒಯ್ದೆ, ಮತ್ತೆ ಅದರಲ್ಲಿ ಕಾಫಿ ತುಂಬುವ ಮಾತೇ ಇಲ್ಲ. ಅಲ್ಲಿ ಕಂಡದ್ದನ್ನು ಬರೆಯುವುದಿಲ್ಲ. ಗೆಳೆಯನೇ ಒಳಗೆ ಹೋಗಿ, ಹುಲ್ಲು ಮೇಯ್ದ ಒಳ್ಳೆಯ ಹಸುವೊಂದರ ಹೊಟ್ಟೆಯಿಂದ ಹಿಂಡಿ, ಸೋಸಿ, ಫ್ಲಾಸ್ಕು ತುಂಬಿಸಿಕೊಂಡು ಬಂದ. ನಾನು ಕಾರಿನಲ್ಲಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತೆ.

ದಾರಿಯುದ್ದಕ್ಕೂ ಮೇಷ್ಟ್ರ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಬೆಳ್ಳುಳ್ಳಿಯನ್ನೂ ಮನೆಗೆ ತರದ ಮನುಷ್ಯ. ಕೊಂದ ಹಸುವಿನ ಹೊಟ್ಟೆಯದ್ದನ್ನು ಪೂಜೆಯ ಹಸುವಿಗೆ ಕುಡಿಸಲು ಒಪ್ಪುತ್ತಾರೆಯೇ? ನಾವು ಬೇಡವೆಂದರೆ ಸತ್ತದ್ದು ಎದ್ದು ಬರುತ್ತದೆಯೇ, ಶಾಸ್ತ್ರ ದೊಡ್ಡದೋ ಜೀವ ದೊಡ್ಡದೋ ಎಂದೆಲ್ಲ ಮಾತು ಮಸೆದುಕೊಂಡು ಬಂದಿದ್ದೆ. ಸುಮ್ಮನೆ ಇನ್ನೊಂದು ಡೈರಿಯಿಂದ ತಂದೆ ಎಂದುಬಿಡಬಹುದಿತ್ತು. ಆದರೆ ಆ ಮನುಷ್ಯನ ಮುಖ ನೋಡಿಕೊಂಡು ಸುಳ್ಳು ಹೇಳುವುದು ನನ್ನಿಂದಾಗುತ್ತಿರಲಿಲ್ಲ.

ಮೇಷ್ಟ್ರು ಹಸುವಿನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಹಸು ಮಲಗಿಬಿಟ್ಟಿತ್ತು. ನಾನು ಎಲ್ಲಿಂದ ತಂದೆನೆಂದು ನೇರವಾಗಿ ಹೇಳಿದೆ. ಅವರು ಫ್ಲಾಸ್ಕನ್ನು ನೋಡಿದರು.

"ಇದು ಕೊಟ್ರೆ ಬದುಕ್ತಾಳಾ?"

"ಹೇಳೋಕಾಗಲ್ಲ ಮೇಷ್ಟ್ರೇ. ಬದುಕಬಹುದು."

"ಕೊಡದೇ ಇದ್ರೆ?"

"ಬದುಕಲ್ಲ."

"ಮತ್ತೆ ಯೋಚನೆ ಮಾಡೋದೇನಿದೆ ಇದರಲ್ಲಿ? ಕೊಡಿ," ಎಂದು ಎದ್ದು ತಾವೇ ಹಸುವಿನ ತಲೆ ಎತ್ತಿ ಹಿಡಿದರು.

ದಾರಿಯಲ್ಲಿ ಮಸೆದ ಮಾತೆಲ್ಲ ದಂಡವಾಯಿತು. ಕೊಳವೆ ಇಳಿಸುವಾಗ ರಸ ತುಳುಕಿ ಅವರ ತೋಳು, ಪಂಚೆ, ಜನಿವಾರವೆಲ್ಲ ಹಸಿರಾಯಿತು. ವಾಸನೆಗೆ ಅಸ್ಕಾರಿಯೇ ಮೂಗು ಮುಚ್ಚಿಕೊಂಡು ದೂರ ನಿಂತ. ಮೇಷ್ಟ್ರು ಕೈ ಬಿಡಲಿಲ್ಲ, ಹಸುವಿನ ಕಿವಿಯ ಹತ್ತಿರ, "ಆಯ್ತು ಪುಟ್ಟಿ, ಆಯ್ತು," ಎನ್ನುತ್ತಲೇ ಇದ್ದರು. ಎಲ್ಲ ಮುಗಿದ ಮೇಲೆ ಸ್ನಾನ ಮಾಡಿ ಬಂದು, ಡಾಗೊರೆಟ್ಟಿ ಯಾವ ದಿಕ್ಕಿಗೆ ಎಂದು ನನ್ನನ್ನು ಕೇಳಿದರು. ನಾನು ತೋರಿಸಿದೆ. ಅತ್ತ ತಿರುಗಿ ಕೈ ಮುಗಿದರು.

ಮರುದಿನವೂ ರಸ ತಂದು ಹೊಯ್ದೆವು. ಅದರ ಮಾರನೆಯ ದಿನ ಹಸು ಎದ್ದು ನಿಂತು ಒಂದೆರಡು ಎಸಳು ಹುಲ್ಲು ಕಚ್ಚಿತು. ಮಧ್ಯಾಹ್ನ ಮೇಷ್ಟ್ರು ಫೋನು ಮಾಡಿ ಅದನ್ನು ಹಸುವಿನ ಬಾಯಿಯ ಹತ್ತಿರ ಹಿಡಿದರು. ಅಗಿಯುವ ಸದ್ದು ಕೇಳಿಸಿತು. ಲ್ಯಾಬಿನಲ್ಲಿ ಎಲ್ಲರ ಎದುರಿಗೇ ನನಗೆ ಅಳು ಬಂತು.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

"ಮೇಷ್ಟ್ರೇ, ಎಲ್ಲಿಂದ ತಂದದ್ದು ಅಂತ ಯಾರಿಗೂ ಹೇಳೋಕೆ ಹೋಗ್ಬೇಡಿ," ಎಂದು ರಸ ಹೊಯ್ದ ದಿನವೇ ಹೇಳಿದ್ದೆ.

"ಯಾರೂ ಕೇಳದಿದ್ರೆ ನಾನ್ಯಾಕೆ ಹೇಳ್ಲಿ? ಕೇಳಿದ್ರೆ ಮಾತ್ರ ಸುಳ್ಳು ಹೇಳೋಕೆ ನನಗೆ ಬರಲ್ಲಮ್ಮ," ಎಂದಿದ್ದರು.

ಗಂಜಲಕ್ಕೆಂದು ಬಂದ ಪುರೋಹಿತರು ಪ್ರೀತಿಯಿಂದಲೇ ಕೇಳಿದರಂತೆ, ಅಷ್ಟು ಕಾಯಿಲೆಯಾದದ್ದು ಹೇಗೆ ಹುಷಾರಾಯಿತು ಎಂದು. ಮೇಷ್ಟ್ರು ಇದ್ದದ್ದು ಇದ್ದ ಹಾಗೆ ಹೇಳಿದರು. ಪುರೋಹಿತರು ಖಾಲಿ ಬಾಟಲಿ ಹಿಡಿದು ವಾಪಸು ಹೋದರು. ಭಾನುವಾರದ ಹೊತ್ತಿಗೆ ಸುದ್ದಿ ಎಲ್ಲರ ಮನೆಗೂ ಮುಟ್ಟಿತ್ತು.

ಯಾರೂ ಮೇಷ್ಟ್ರನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನು ಜಾಲಾಡಿಸಿಬಿಡುತ್ತಿದ್ದೆ, ಆ ಅವಕಾಶವನ್ನೂ ಕೊಡಲಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಮುಂದಿನ ಗೃಹಪ್ರವೇಶಕ್ಕೆ ಊರಿಂದ ಬೆಳ್ಳಿಯ ಹಸು ತರಿಸಿದರು, ಲಿಫ್ಟಿನಲ್ಲಿ ಸಲೀಸಾಗಿ ಹೋಗುತ್ತದೆಂದು ಮೆಚ್ಚಿಕೊಂಡರು. ಅಭಿಷೇಕಕ್ಕೆ ಪ್ಯಾಕೆಟ್ಟಿನ ಹಾಲೇ ಸಾಕೆಂದರು. ಆ ಪ್ಯಾಕೆಟ್ಟಿನ ಹಾಲು ಕೊಡುವ ಹಸು ಏನು ತಿಂದಿತ್ತೆಂದು ಯಾರೂ ವಿಚಾರಿಸಲಿಲ್ಲ.

ಗೃಹಪ್ರವೇಶದ ಆ ದಿನ ಪಾಯಸದಲ್ಲಿ ಅದ್ದಿದ ಒಬ್ಬಟ್ಟು ಕೊಟ್ಟಿದ್ದ ಮಹಿಳೆ ಒಮ್ಮೆ ತರಕಾರಿ ಅಂಗಡಿಯಲ್ಲಿ ಸಿಕ್ಕಿದರು. ನಾನೇ ಮಾತು ತೆಗೆದೆ. ಆ ಹೊಟ್ಟೆಯಲ್ಲಿ ಈಗ ಕಸಾಯಿಖಾನೆಯದ್ದು ಒಂದು ತೊಟ್ಟೂ ಉಳಿದಿಲ್ಲ, ಈಗಿರುವ ಬ್ಯಾಕ್ಟೀರಿಯಾಗಳೆಲ್ಲ ಸ್ಪ್ರಿಂಗ್ ವ್ಯಾಲಿಯ ಹುಲ್ಲು ತಿಂದು ಹುಟ್ಟಿದವು ಎಂದು ತಾಳ್ಮೆಯಿಂದಲೇ ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು.

"ತಪ್ಪು ಅಂತ ಅಲ್ಲ ರೀ. ಪಾಪ, ಅವರು ಇನ್ನೇನು ಮಾಡ್ತಾರೆ. ಆದ್ರೂ ಒಂಥರಾ ಆಗತ್ತೆ ನೋಡಿ."

"ಏನು ಒಂಥರಾ?"

"ಒಂಥರಾ. ಮನಸ್ಸಿಗೆ."

"ನೀವು ಕೊಟ್ಟ ಒಬ್ಬಟ್ಟು ತಿಂದು ಅದು ನೆಲ ಹಿಡಿದಾಗ ನಿಮಗೆ ಒಂಥರಾ ಆಗಲಿಲ್ವಾ?" ಎಂದೆ. ಅವರ ಮುಖ ಸಣ್ಣದಾಯಿತು. ಕಾರಿನಲ್ಲಿ ನನ್ನ ಗಂಡ, "ನಿನ್ನ ಬಾಯಿಗೆ ಬೀಗ ಹಾಕ್ಬೇಕು. ಬರೋ ಒಬ್ಬಿಬ್ಬರೂ ಬರಲ್ಲ ಇನ್ನು," ಎಂದರು. ಬರುವ ಒಬ್ಬಿಬ್ಬರೂ ಅದಾಗಲೇ ಇರಲಿಲ್ಲವೆಂದು ಅವರಿಗೂ ಗೊತ್ತಿತ್ತು.

ನಾನು ಶನಿವಾರಗಳಂದು ಹಸುವನ್ನು ನೋಡಿಬರುತ್ತಿದ್ದೆ. ಹೊಟ್ಟೆಯ ರಸದ ಹನಿಯನ್ನು ಲ್ಯಾಬಿಗೆ ತಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನೋಡಲು ಎರಡು ಕಣ್ಣು ಸಾಲದು, ಪಾಠ ಮಾಡುವಾಗ ತೋರಿಸಬೇಕೆನಿಸುವಷ್ಟು ಆರೋಗ್ಯ. ಮೈ ಮಿರಮಿರ ಮಿಂಚುತ್ತಿತ್ತು, ಹಾಲು ಹೆಚ್ಚಿತ್ತು. ಅನ್ನವಿಲ್ಲ, ಸಿಹಿಯಿಲ್ಲ, ಹಬ್ಬದ ಮರುದಿನ ಹೊಟ್ಟೆಯುಬ್ಬರವಿಲ್ಲ. ಯಾರೂ ಬರದಿದ್ದರೆ ಒಳ್ಳೆಯದೆಂದು ಮೊದಲ ದಿನವೇ ಹೇಳಿದವಳು ನಾನು. ಅದು ಅಕ್ಷರಶಃ ನಿಜವಾಯಿತು, ಹಸುವಿನ ಮಟ್ಟಿಗೆ.

ಮೇಷ್ಟ್ರು ಮಾತ್ರ ಇಳಿದುಹೋದರು. ಹಾಲು ಕುಡಿಯುವವರಿಲ್ಲದೆ ಅಸ್ಕಾರಿ ಅದನ್ನು ಮಟಾಟು ಎಂಬ ಬಾಡಿಗೆ ವ್ಯಾನುಗಳು ನಿಲ್ಲುವಲ್ಲಿಯ ಚಹಾದಂಗಡಿಗೆ ಒಯ್ಯುತ್ತಿದ್ದ. ಹೇಳಿದ ಜೋಕನ್ನೇ ಮೇಷ್ಟ್ರು ನನಗೆ ಮತ್ತೆ ಹೇಳುತ್ತಿದ್ದರು. ಹೊರಗೆ ಕಾರಿನ ಸದ್ದಾದರೆ ಹಸು ಗೇಟಿನ ಕಡೆಗೆ ನಡೆದು ನಿಲ್ಲುತ್ತಿತ್ತು, ಅವರೂ ಮಾತು ನಿಲ್ಲಿಸಿ ಅತ್ತ ನೋಡುತ್ತಿದ್ದರು. ಕಾರು ಮುಂದೆ ಹೋಗುತ್ತಿತ್ತು.

"ಯಾಕಮ್ಮ, ಯಾರೂ ಈ ಕಡೆ ಬರ್ತಾನೇ ಇಲ್ಲ? ಟ್ರಾಫಿಕ್ಕಾ?" ಎಂದು ಒಂದು ದಿನ ಕೇಳಿದರು.

"ಹೌದು ಮೇಷ್ಟ್ರೇ. ರೋಡೆಲ್ಲ ಅಗೆದು ಹಾಕಿದಾರೆ," ಎಂದೆ.

"ಹೂಂ. ಅಗೆದಿದಾರೆ," ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ ನನ್ನ ಸುಳ್ಳಿಗೆ ತಲೆಯಾಡಿಸಿದರು. ಮೇವನ್ನು ಬದಲಾಯಿಸುವುದಾದರೆ ನಿಧಾನವಾಗಿ, ಸ್ವಲ್ಪಸ್ವಲ್ಪವಾಗಿ ಬದಲಾಯಿಸಿ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವರೆಲ್ಲ ಬರುವುದನ್ನು ಒಂದೇ ವಾರದಲ್ಲಿ ಬಿಟ್ಟಿದ್ದರು. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೆ.

ಆ ವರ್ಷದ ದೀಪಾವಳಿ ಬಂತು. ಬಲಿಪಾಡ್ಯಮಿ, ಗೋಪೂಜೆಯ ದಿನ. ಸಣ್ಣ ಮಳೆ ಶುರುವಾಗಿ ಜಕರಂಡದ ನೇರಳೆ ಹೂವು ರಸ್ತೆಯ ಮೇಲೆಲ್ಲ ಅಂಟಿಕೊಂಡಿತ್ತು. ಆಫೀಸಿಗೆ ಹೋಗುವ ಮೊದಲು ನಾವಿಬ್ಬರೂ ಸ್ಪ್ರಿಂಗ್ ವ್ಯಾಲಿಗೆ ಹೋದೆವು. ನಾನು ದೊಡ್ಡ ಡಬ್ಬಿಯ ತುಂಬ ಹೆಚ್ಚಿದ ಬಾಳೆಹಣ್ಣು, ಸೊಪ್ಪು ತುಂಬಿಕೊಂಡಿದ್ದೆ. ಬಾರದವರ ಪಾಲನ್ನೂ ನಾನೇ ಕೊಟ್ಟುಬಿಡಬೇಕೆಂಬ ಹಟವೋ ಏನೋ.

ಗೇಟು ಪೂರ್ತಿ ತೆರೆದಿತ್ತು. ಮೇಷ್ಟ್ರು ಶಲ್ಯ ಹೊದ್ದು, ಕೈಯಲ್ಲಿ ಬೆತ್ತ ಹಿಡಿದು ನಿಂತಿದ್ದರು. ಹಸುವಿಗೆ ಸ್ನಾನವಾಗಿತ್ತು, ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದ್ದರು. ಜಗುಲಿಯಲ್ಲಿ ಕುರ್ಚಿಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಿದ್ದರು. ಸ್ಟೀಲಿನ ದೊಡ್ಡ ಪಾತ್ರೆಯಲ್ಲಿ ಕಾಫಿಗೆ ಹಾಲು ಕಾಯುತ್ತಿತ್ತು. ನಾವು ಇಳಿದೆವು. ಮೇಷ್ಟ್ರು ನಮ್ಮ ಕಾರಿನ ಹಿಂದೆ ಇನ್ನೇನಾದರೂ ಬರುತ್ತಿದೆಯೇ ಎಂದು ಕತ್ತು ಚಾಚಿ ನೋಡಿದರು.

"ಬನ್ನಿ. ಸಾಲಲ್ಲಿ ಬನ್ನಿ," ಎಂದರು.

ನಾವಿಬ್ಬರೂ ಒಬ್ಬರ ಹಿಂದೆ ಒಬ್ಬರು ನಿಂತೆವು. ನನ್ನ ಗಂಡ ಒಂದು ಹಿಡಿ ಕೊಟ್ಟು ಪಕ್ಕಕ್ಕೆ ಸರಿದರು, ಅವರ ಕಣ್ಣು ತುಂಬಿತ್ತು. ನಾನು ಒಂದು ಹಿಡಿ ಕೊಟ್ಟೆ. ಹಸು ತಿಂದು ನನ್ನ ಅಂಗೈ ನೆಕ್ಕಿ, ಮುಗಿಯಿತೇ ಎಂದು ಒಮ್ಮೆ ನನ್ನನ್ನು, ಒಮ್ಮೆ ಗೇಟನ್ನು ನೋಡಿತು.

"ತಾಳು ಪುಟ್ಟಿ, ಇನ್ನೂ ಬರ್ತಾರೆ," ಎಂದರು ಮೇಷ್ಟ್ರು.

ನನಗೆ ಆಗಲಿಲ್ಲ. ಎರಡನೇ ಹಿಡಿಗೆ ಕೈ ಹಾಕಿದವರನ್ನೆಲ್ಲ ವರ್ಷಗಟ್ಟಲೆ ಬೈದವಳು ಮತ್ತೆ ಡಬ್ಬಿಗೆ ಕೈ ಹಾಕಿದೆ. ಬೆತ್ತ ಮೆಲ್ಲಗೆ ಬಂದು ನನ್ನ ಮಣಿಕಟ್ಟಿನ ಮೇಲೆ ಅಡ್ಡ ನಿಂತಿತು.

"ಬೇಡಮ್ಮ. ಒಂದೇ ಹಿಡಿ," ಎಂದರು. "ನೀವೇ ಹೇಳಿಕೊಟ್ಟದ್ದಲ್ವಾ."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಮೇಷ್ಟ್ರು ಬೆತ್ತ ಊರಿಕೊಂಡು ಮತ್ತೆ ಗೇಟಿನ ಕಡೆಗೆ ತಿರುಗಿ ನಿಂತರು.